ದೇವರೆತ್ತಿನ ಹಿಂದೊಂದು ಕರೆಂಟು ಸೈಕಲ್ಲು

೨೦೦೮ನೇ ಇಸವಿ ಫೆಬ್ರವರಿ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಚಳ್ಳಕೆರೆಯ ಲಾರಿ ಪಾರ್ಸೆಲ್ ಆಫೀಸಿನಲ್ಲಿ ನನ್ನ ಹೆಸರಿಗೆ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಮೊದಲ ಸಲ ನೋಡಿದೆ. ಪೆಟ್ಟಿಗೆಗೆ ಆರು ಮುಖಗಳಿರುತ್ತವೆ ಎಂದು ನಾನು ಹನ್ನೊಂದು ವರ್ಷಗಳಿಂದ ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆ. ಇದಕ್ಕೆ ಒಂಬತ್ತಿದ್ದವು. ‘ಈ ಭಾಗ ಮೇಲಕ್ಕೆ’ ಎಂಬ ಬಾಣ ನೆಲವನ್ನು ತೋರಿಸುತ್ತಿತ್ತು.

ಗುಮಾಸ್ತ ಕಲ್ಲೇಶಪ್ಪ ಬಹಳ ಸಮಾಧಾನದಿಂದ ವಿವರಿಸಿದ. ಕೊಯಮತ್ತೂರಿನಿಂದ ಬಂದ ಅದೇ ಲಾರಿಯಲ್ಲಿ ಹದಿನೆಂಟು ರುಬ್ಬುವ ಗ್ರೈಂಡರುಗಳಿದ್ದವಂತೆ. ಅವು ಕುಲುಕಾಡದಿರಲಿ ಎಂದು ನನ್ನ ಪೆಟ್ಟಿಗೆಯನ್ನು ಕೆಳಗೆ ಒತ್ತುಗೊಟ್ಟಿದ್ದರಂತೆ.

“ಒಂದು ಗ್ರೈಂಡರಿಗೂ ಏನೂ ಆಗಿಲ್ಲ ಸಾ,” ಎಂದ, ನನಗೆ ಸಂತೋಷವಾಗಲೆಂದು.

ಒಳಗೇನಿದೆ ಎಂದು ಕೇಳಿದಾಗ ‘ಸೈಕಲ್ ಮೋಟಾರು’ ಎಂದರೆ ಸಾಕಿತ್ತು. ಆದರೆ ಕೌಂಟರಿನ ಮುಂದೆ ಇನ್ನೂ ನಾಲ್ಕು ಜನ ನಿಂತಿದ್ದರು, ನಾನು ಬಿ.ಎಸ್ಸಿ. ಓದಿದ್ದೆ. “ಬ್ರಷ್ ಇಲ್ಲದ ಡಿ.ಸಿ. ಮೋಟಾರು, ಇಪ್ಪತ್ತನಾಲ್ಕು ವೋಲ್ಟು, ಇನ್ನೂರೈವತ್ತು ವ್ಯಾಟು,” ಎಂದೆ. ಬ್ರಷ್ ಇಲ್ಲದೆ ಬಂದಿದ್ದರೆ ಸಾಮಾನು ಕಮ್ಮಿ ಎಂದು ಈಗಲೇ ಬರೆದುಕೊಡಿ ಎಂದು ಕಲ್ಲೇಶಪ್ಪ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದ.

ಈ ಮೋಟಾರು ಬೇಕಾದದ್ದು ನನಗಲ್ಲ, ನನ್ನ ಮಾವ ದೊಡ್ಡೀರಪ್ಪನವರಿಗೆ. ದೇವಸಮುದ್ರದಾಚೆಯ ಹಟ್ಟಿಯಲ್ಲಿ ಅವರು ದೇವರೆತ್ತುಗಳ ಕಿಲಾರಿ. ದೇವರಿಗೆ ಬಿಟ್ಟ ಆ ನಲವತ್ತಮೂರು ದನಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಬೆಳಿಗ್ಗೆ ಅವು ಕಾವಲಿಗೆ, ಅಂದರೆ ಹುಲ್ಲುಗಾವಲಿಗೆ, ಹೋಗುತ್ತವೆ, ಸಂಜೆ ಬರುತ್ತವೆ, ಕೋಲು ಹಿಡಿದು ಜೊತೆಗೆ ಹೋಗಿಬರುವವನು ಕಿಲಾರಿ. ಮಾವ ನಲವತ್ತೊಂದು ವರ್ಷ ಹೋಗಿಬಂದಿದ್ದರು. ಈಗ ಅವರ ಮಂಡಿಗಳು ಒಪ್ಪುತ್ತಿರಲಿಲ್ಲ. ಎಣ್ಣೆ ಕುಡಿದು ಹೊಗೆ ಬಿಡುವ ಯಾವ ಗಾಡಿಯೂ ಆ ದನಗಳ ಹತ್ತಿರ ಸುಳಿಯಬಾರದು ಎಂಬುದು ಹಟ್ಟಿಯ ಕಟ್ಟಳೆ. ಸೈಕಲ್ಲಿಗೆ ದೋಷವಿರಲಿಲ್ಲ, ಆದರೆ ತುಳಿಯುವುದಕ್ಕೂ ಮಂಡಿಯೇ ಬೇಕು. ಶಿವರಾತ್ರಿಯ ದಿನ ಕೋಲನ್ನು ಬೇರೊಬ್ಬರ ಕೈಗೆ ಕೊಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಮಾವ ಯಾರ ಮುಂದೆಯೂ ಗೊಣಗಲಿಲ್ಲ. ಒಂದು ಸಲ ಮಾತ್ರ, ಅದೂ ಗೋಡೆಯ ಕಡೆ ತಿರುಗಿ, “ಕೋಲು ಹೋದ್ಮೇಲೆ ನನ್ನ ಏನಂತ ಕರೀತಾರೆ?” ಎಂದಿದ್ದರು.

ಸಂಕ್ರಾಂತಿಯ ಊಟದಲ್ಲಿ ನಾನು ಬಾಯಿಬಿಟ್ಟೆ. ಬಿ.ಎಸ್ಸಿ. ಓದಿದವನು ಮೂರನೆಯ ಹೋಳಿಗೆ ಬಡಿಸಿಕೊಳ್ಳುವಾಗ ಮಾತಾಡಬಾರದು. ಎಣ್ಣೆ ಕುಡಿಯದ, ಹೊಗೆ ಬಿಡದ, ಸದ್ದು ಮಾಡದ, ತುಳಿಯಬೇಕಿಲ್ಲದ ಸೈಕಲ್ಲು ತಂದುಕೊಡುತ್ತೇನೆ ಎಂದೆ. ಹಟ್ಟಿಯ ಹಿರಿಯ ಯರ್ರಪ್ಪನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. “ಅಲ್ಲುಡು ಹೇಳ್ದ ಅಂದ್ಮೇಲೆ ಆತು. ಶಿವರಾತ್ರಿ ತಂಕ ನೋಡಾನ,” ಎಂದರು. ಆ ಕಡೆ ಅಳಿಯನನ್ನು ತೆಲುಗಿನಲ್ಲಿ ಅಲ್ಲುಡು ಎಂದು ಕರೆದರೆ ಮರ್ಯಾದೆಯೂ ಉಂಟು, ಎಚ್ಚರಿಕೆಯೂ ಉಂಟು. ಬಡಿಸುತ್ತಿದ್ದ ನನ್ನ ಹೆಂಡತಿ ಸೌಂದರ್ಯ ನಾಲ್ಕನೆಯ ಹೋಳಿಗೆ ಬಡಿಸಲಿಲ್ಲ.

ವಿಜ್ಞಾನದ ಮೇಷ್ಟರಿಗೆ ತಕ್ಕಂತೆ ನಾನು ಎಲ್ಲವನ್ನೂ ಅಳೆದೆ. ಮಾವನ ತೂಕ ಐವತ್ತೊಂದು ಕಿಲೋ. ಹಟ್ಟಿಯಿಂದ ಹುಲ್ಲುಗಾವಲಿಗೆ ನಾಲ್ಕು ಕಿಲೋಮೀಟರು ಇನ್ನೂರು ಮೀಟರು. ದಾರಿಯ ಏರು, ಮಣ್ಣಿನ ಗಡಸು, ಕಾಲಿನ ಉದ್ದ, ಬೆರಳ ಹಿಡಿತ, ಹೀಗೆ ಹನ್ನೊಂದು ಅಳತೆಗಳು ನೋಟ್‌ಬುಕ್ಕಿನಲ್ಲಿದ್ದವು. ಹನ್ನೆರಡನೆಯದೊಂದು ಇತ್ತು. ಅದು ನನಗೆ ಹೊಳೆಯಲಿಲ್ಲ.

ಮೊಳಕಾಲ್ಮೂರಿನ ಮನೆಯ ನಡುಮನೆಯಲ್ಲಿ ಹಳೆಯ ಲುಂಗಿ ಹಾಸಿ ಮೋಟಾರನ್ನು ಬಿಚ್ಚಿದೆ. ಅದು ಸೈಕಲ್ಲಿನ ಮುಂಗಾಲಿಯ ನಡುವೆ ಕೂರುವ ದುಂಡನೆಯ ಡಬ್ಬಿ. ಒಳಗೆ ತಾಮ್ರದ ತಂತಿ ಸುತ್ತಿದ ಹಲ್ಲುಗಳ ಚಕ್ರ, ಅದರ ಸುತ್ತ ಬಳೆಯಂತೆ ಸಾಲಾಗಿ ಅಂಟಿಸಿದ ಅಯಸ್ಕಾಂತದ ಬಿಲ್ಲೆಗಳು. ಮುಚ್ಚಳ ತೆಗೆದ ಕ್ಷಣವೇ ಅದು ಸೌಂದರ್ಯಳ ಎರಡು ಹೇರ್‌ಪಿನ್ನು, ಒಂದು ಸೂಜಿ ಮತ್ತು ಚಹಾ ಸೋಸುವ ಜಾಲರಿಯನ್ನು ಎಳೆದುಕೊಂಡಿತು. ಮೂರು ಬಿಲ್ಲೆಗಳು ಅಂಟು ಬಿಟ್ಟಿದ್ದವು. ಒಂದು ಬಿಲ್ಲೆ ನಡುವೆ ಒಡೆದಿತ್ತು, ಅದರ ಎರಡು ಹೋಳುಗಳನ್ನು ಪಕ್ಕಪಕ್ಕ ಇಟ್ಟರೆ ಪಾಲಾದ ಅಣ್ಣತಮ್ಮಂದಿರ ಹಾಗೆ ದೂರ ಸರಿಯುತ್ತಿದ್ದವು. ದಿಕ್ಸೂಚಿ ಹಿಡಿದು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಸಾಲು ನೋಡಿ, ಅಂಟು ಹಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸಿ ಒಂದು ದಿನ ಬಿಟ್ಟೆ. ತುಂಡಾಗಿದ್ದ ಎಂಟು ವೈರುಗಳನ್ನು ಬಣ್ಣಕ್ಕೆ ಬಣ್ಣ ಸೇರಿಸಿ ಬೆಸುಗೆ ಹಾಕಿದೆ.

ಉಳಿದದ್ದು ತಂತಿ. ಸಡಿಲಾದ ಬಿಲ್ಲೆ ಉಜ್ಜಿ ಎರಡು ಹಲ್ಲುಗಳ ಸುತ್ತಿನ ಮೇಲೆ ಕರೆಂಟು ಸೋರದಂತೆ ಬಳಿದಿದ್ದ ಮೆರುಗು ಕಿತ್ತುಹೋಗಿತ್ತು. ಬಿಚ್ಚಿ ಹೊಸದಾಗಿ ಸುತ್ತಬೇಕು. ಚಳ್ಳಕೆರೆಯಲ್ಲಿ ಕೊಳವೆಬಾವಿಯ ಮೋಟಾರು ಸುತ್ತುವ ಪಾತಣ್ಣನ ಬಳಿಗೆ ಬಸ್ಸಿನಲ್ಲಿ ಒಯ್ದೆ. ಅವನು ಅದನ್ನು ಅಂಗೈಯಲ್ಲಿಟ್ಟು ತೂಗಿ, ತನ್ನ ಹೆಬ್ಬೆರಳನ್ನು ಎರಡು ಹಲ್ಲುಗಳ ಸಂದಿಯ ಪಕ್ಕ ಹಿಡಿದು ನನಗೆ ತೋರಿಸಿದ. ಸಂದಿ ಅಲ್ಲ, ಹೆಬ್ಬೆರಳೇ ನೋಡುವಂತಿತ್ತು.

“ನನ್ನ ಬೆಟ್ಟು ಇದ್ರೊಳಕ್ಕೆ ಹೋಗಲ್ಲ ಮೇಷ್ಟ್ರೆ. ಮೊಳಕಾಲ್ಮೂರಾಗೆ ಇದ್ಕಂಡು ನೂಲು ಸುತ್ತಾಕೆ ಚಳ್ಳಕೆರೆಗೆ ಬಂದೀರಲ್ಲ,” ಎಂದ. ತಂತಿಯನ್ನು ಮಾತ್ರ ಕೊಟ್ಟು ಕಳುಹಿಸಿದ.

ನಮ್ಮ ಪಕ್ಕದ ಮನೆಯ ಚಿಕ್ಕಕ್ಕ ಐವತ್ತು ವರ್ಷಗಳಿಂದ ರೇಷ್ಮೆ ಸೀರೆ ನೇಯುತ್ತಿದ್ದವಳು. ಅವಳ ಮಗ್ಗದ ಕೋಣೆಯಲ್ಲಿ ಹಗಲೂ ಒಂದು ಬಗೆಯ ಮಬ್ಬು. ಹೆಂಚಿನ ನಡುವಿನ ಗಾಜಿನಿಂದ ಇಳಿದ ಬೆಳಕು ಹಾಸಿನ ನೇರಳೆ ಎಳೆಗಳ ಮೇಲೆ ಬಿದ್ದು ಅಲ್ಲೇ ನಿಂತುಬಿಡುತ್ತಿತ್ತು. ಚಿಕ್ಕಕ್ಕ ತಂತಿಯನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ಕಂಡಿಕೆಗೆ ನೂಲು ಸುತ್ತುವವರ ಹಾಗೆ ಕಾಲು ಚಾಚಿ ಕೂತು, ಒಂದರ ಮೇಲೊಂದು ಬೀಳದಂತೆ ಎಳೆಯ ಪಕ್ಕ ಎಳೆ ಕೂರಿಸಿದಳು. ಎಣಿಕೆ ಬಾಯಲ್ಲಿರಲಿಲ್ಲ, ತೂಗುತ್ತಿದ್ದ ಹೆಬ್ಬೆರಳಲ್ಲಿತ್ತು. ನೋಡುತ್ತ ನೋಡುತ್ತ ನಾನು ಎಣಿಸಲು ಮರೆತೆ. ಆ ಕೋಣೆಯಲ್ಲಿ ಎಷ್ಟು ಹೊತ್ತು ಕೂತಿದ್ದೆ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ.

ಮೋಟಾರನ್ನು ಗಾಲಿಗೆ ಕೂರಿಸಿ, ಮಂಚದ ಕಾಲಿಗೆ ಕಟ್ಟಿ ಬ್ಯಾಟರಿ ಕೊಟ್ಟಾಗ ಗಾಲಿ ತಿರುಗಲಿಲ್ಲ, ನಡುಗಿತು. ಚಳಿಜ್ವರ ಬಂದವರಂತೆ ಮಂಚದ ಕಾಲನ್ನೂ ನಡುಗಿಸಿತು. ಬೀದಿಯವರು ಬಾಗಿಲಲ್ಲಿ ಸೇರಿ, ಇದಕ್ಕೆ ಯಾರದೋ ದೃಷ್ಟಿ ತಾಗಿದೆ ಎಂದು ಒಬ್ಬರೂ, ಬ್ರಷ್ ಇಲ್ಲದ್ದಕ್ಕೆ ಹೀಗೆ ಎಂದು ಒಬ್ಬರೂ ಹೇಳಿದರು. ಕಲ್ಲೇಶಪ್ಪನ ಮಾತು ಬಸ್ಸಿಗಿಂತ ಮೊದಲು ಮೊಳಕಾಲ್ಮೂರು ಸೇರಿತ್ತು. ನಾನು ಸಣ್ಣಗೆ ಕರೆಂಟು ಹರಿಸಿ ಪ್ರತಿ ಹಲ್ಲಿನ ಮುಂದೆ ದಿಕ್ಸೂಚಿ ಹಿಡಿದೆ. ಹೊಸದಾಗಿ ಸುತ್ತಿದ ಅಕ್ಕಪಕ್ಕದ ಎರಡು ಹಲ್ಲುಗಳಲ್ಲಿ ಮುಳ್ಳು ಎದುರುಬದುರು ತಿರುಗಬೇಕಿತ್ತು. ಎರಡರಲ್ಲೂ ಒಂದೇ ಕಡೆ ತಿರುಗಿತು. ಕಂಪನಿಯವರು ಒಂದನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ಸುತ್ತಿದ್ದರು, ಚಿಕ್ಕಕ್ಕ ಎರಡನ್ನೂ ಬಲಕ್ಕೇ ಸುತ್ತಿದ್ದಳು.

ಕೇಳಿದರೆ ಅವಳು ಮುಚ್ಚಿಡಲಿಲ್ಲ. “ಹೂಂ, ನಾನೇ ಸರಿ ಮಾಡ್ದೆ. ಹುರಿ ಎಲ್ಲಾ ಒಂದೇ ಕಡೀಗೆ ಇರ್ಬೇಕಲ್ಲ ಮೇಷ್ಟ್ರೆ. ಒಂದೆಳೆ ಹಿಂಗೆ ಒಂದೆಳೆ ಹಂಗೆ ಇಟ್ರೆ ಸೀರೆ ಹೊಳಪು ಕೆಡ್ತೈತೆ. ನಿಮ್ಮ ಕಂಪ್ನಿಯೋರ್ಗೆ ನೇಯ್ಗೆ ತಿಳೀದು ಅಂತ ಬಿಟ್ಟೆ.”

ಅಯಸ್ಕಾಂತದ ಧ್ರುವಗಳನ್ನು ನಾನು ಅರ್ಧ ಗಂಟೆ ವಿವರಿಸಿದೆ. ಅವಳು ಪೂರ್ತಿ ಕೇಳಿ, ನಿಮ್ಮಿಷ್ಟ ಎಂದು ಒಂದನ್ನು ಬಿಚ್ಚಿ ಎಡಕ್ಕೆ ಸುತ್ತಿದಳು. ಹೊಳಪು ಕೆಟ್ಟರೆ ತನ್ನನ್ನು ದೂರಬಾರದು ಎಂದೂ ಹೇಳಿದಳು. ಈ ಸಲ ಗಾಲಿ ತಿರುಗಿತು. ಸದ್ದೇ ಇಲ್ಲ. ಗಾಲಿಯ ಕಡ್ಡಿಗಳು ಮೊದಲು ಕಂಡವು, ಆಮೇಲೆ ಮಸುಕಾದವು, ಆಮೇಲೆ ಇಲ್ಲವಾದವು. ಗಾಲಿಯ ಜಾಗದಲ್ಲಿ ಬೆಳ್ಳನೆಯ ಒಂದು ಗಾಳಿ ಮಾತ್ರ ಉಳಿಯಿತು.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೋಟಾರಿಗೆ ಕರೆಂಟು ಹಂಚುವ ಪೆಟ್ಟಿಗೆಯಲ್ಲಿ ವೇಗವನ್ನು ಹೆಚ್ಚುಕಮ್ಮಿ ಮಾಡುವ ಸಾಸಿವೆ ಗಾತ್ರದ ಒಂದು ತಿರುಪಿತ್ತು. ರಾಂಪುರದ ರಸ್ತೆಯಲ್ಲಿ ನೂರು ಮೀಟರು ಸುಣ್ಣದಲ್ಲಿ ಗುರುತಿಸಿ, ಶಾಲೆಯ ಸ್ಟಾಪ್‌ವಾಚು ಹಿಡಿದು, ದಿನಕ್ಕೊಂದು ಕೂದಲೆಳೆಯಷ್ಟು ತಿರುಪಿದೆ. ಹದಿನಾಲ್ಕು ಬಂತು, ಹತ್ತೊಂಬತ್ತು ಬಂತು. ಫೆಬ್ರವರಿ ಇಪ್ಪತ್ತೊಂಬತ್ತರ ಸಂಜೆ ಗಂಟೆಗೆ ಇಪ್ಪತ್ತನಾಲ್ಕು ಪಾಯಿಂಟ್ ಮೂರು ಕಿಲೋಮೀಟರು ಬಂತು. ಎರಡೂ ಬದಿಯ ಶೇಂಗಾ ಹೊಲಗಳು ನನ್ನನ್ನು ದಾಟಿ ಹಿಂದಕ್ಕೆ ಹರಿದವು. ಕಾಲುಗಳಿಗೆ ಕೆಲಸವಿರಲಿಲ್ಲ. ಆ ಹೊತ್ತಿನಲ್ಲಿ ನಾನು ಮನಸ್ಸಿನಲ್ಲೇ ಎರಡು ಸನ್ಮಾನಗಳನ್ನು ಸ್ವೀಕರಿಸಿದೆ, ಒಂದು ಮೊಳಕಾಲ್ಮೂರಿನಲ್ಲಿ, ಒಂದು ಚಿತ್ರದುರ್ಗದಲ್ಲಿ.

ಮಾರ್ಚ್ ಎರಡು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ದನಗಳು ಹಟ್ಟಿಯ ಮುಳ್ಳಿನ ಬೇಲಿ ದಾಟಿದವು. ಹಿಂದೆ ಮಾವ ಸೈಕಲ್ಲಿನ ಮೇಲೆ, ಕೋಲು ಹ್ಯಾಂಡಲಿಗೆ ಅಡ್ಡ. ಹ್ಯಾಂಡಲಿನ ಸಣ್ಣ ಎಸಳನ್ನು ಹೆಬ್ಬೆರಳಲ್ಲಿ ಒತ್ತಬೇಕು, ಅಷ್ಟೇ, ಎಂದು ಹೇಳಿಕೊಟ್ಟಿದ್ದೆ. ಒತ್ತಿದರು. ದನಗಳ ಎಡಬದಿಯಿಂದ ಒಂದು ಬಿಳಿ ಪಂಚೆ ತೇಲಿಹೋದದ್ದನ್ನು ಹಟ್ಟಿಯ ಅರ್ಧ ಜನ ನೋಡಿದರು. ನಾನು ಗಡಿಯಾರ ನೋಡಿ ಬರೆದುಕೊಂಡು, ಅತ್ತೆ ಉಚ್ಚಂಗೆಮ್ಮನವರು ಕೊಟ್ಟ ರೊಟ್ಟಿಗೆ ಕೂತೆ.

ಏಳು ಐವತ್ತಕ್ಕೆ ದನಗಳು ವಾಪಸು ಬಂದವು. ನಲವತ್ತಮೂರೂ ಬಂದವು. ಹಿಂದೆ ಯಾರೂ ಇರಲಿಲ್ಲ.

ನಲವತ್ತೊಂದು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲು. ಅತ್ತೆ ಬಾಗಿಲಿಗೆ ಬಂದು ಮೊದಲ ಎತ್ತನ್ನು ನೋಡಿದರು, ಕೊನೆಯ ಹಸುವನ್ನು ನೋಡಿದರು, ಅದರ ಹಿಂದಿನ ಖಾಲಿ ದಾರಿಯನ್ನು ನೋಡಿದರು, ಮತ್ತೆ ಹೊಸ್ತಿಲ ಮೇಲೆ ಕುಸಿದು ಕೂತರು. ಮಾವ ಮುಂದೆ ಹೋಗಿರಬಹುದು ಎಂದು ನಾನು ಹೇಳಿದೆ. ಯರ್ರಪ್ಪನವರು ನನ್ನ ಕಡೆ ಕನಿಕರದಿಂದ ತಿರುಗಿದರು.

“ಕಿಲಾರಿ ಎಲ್ಲಾನ ಎತ್ತಿನ ಮುಂದೆ ಹೋಗ್ತಾನೇನಪ್ಪಾ? ಹಿಂದಿರೋನ್ಗೇ ಕಿಲಾರಿ ಅನ್ನಾದು. ಹಿಂದೆ ಇಲ್ಲ ಅಂದ್ರೆ ಇಲ್ಲ.”

ಅಲ್ಲಿಗೆ ಮಾವ ತೀರಿಕೊಂಡರು. ಕಾರಣವೂ ಕೂಡಲೇ ಸಿಕ್ಕಿತು: ಕರೆಂಟು ಹೊಡೆದಿದೆ. ಇಪ್ಪತ್ತನಾಲ್ಕು ವೋಲ್ಟಿಗೆ ಮನುಷ್ಯ ಸಾಯುವುದಿಲ್ಲ, ಚರ್ಮದ ರೋಧವನ್ನು ಅದು ದಾಟಲಾರದು ಎಂದು ನಾನು ಹೇಳಿದೆ. ಮಾತು ನಿಜವೇ. ಅತ್ತೆ ಅಳುತ್ತಿರುವಾಗ ಹೇಳಬೇಕಾದ ಮಾತಾಗಿರಲಿಲ್ಲ ಎಂದು ಸೌಂದರ್ಯ ಕಣ್ಣಲ್ಲೇ ತಿಳಿಸಿದಳು. ಇಬ್ಬರು ಹುಡುಕಲು ದಾರಿ ಹಿಡಿದು ಹೋದರು. ಹುಡುಕಿದ್ದು ದಾರಿಯ ಎರಡೂ ಬದಿಯ ಹಳ್ಳಗಳಲ್ಲಿ, ಏಕೆಂದರೆ ಹುಡುಕುತ್ತಿದ್ದುದು ಹೆಣವನ್ನು. ಯಾರೋ ಚಳ್ಳಕೆರೆಗೆ ಫೋನು ಮಾಡಿದರು. ಹತ್ತೂ ಇಪ್ಪತ್ತಕ್ಕೆ ನೆಂಟರು ಬಾಡಿಗೆ ಜೀಪಿನಲ್ಲಿ ಹಾರದ ಸಮೇತ ಬಂದಿಳಿದರು. ಕಂದಾಯದ ಬೇರೆ ಕೆಲಸಕ್ಕೆ ಬಂದಿದ್ದ ಗ್ರಾಮ ಲೆಕ್ಕಿಗ ಶಾಂತವೀರಪ್ಪ, ಬಂದದ್ದು ಬಂದಾಗಿದೆ, ಇನ್ನೊಮ್ಮೆ ಓಡಾಡುವುದು ಬೇಡವೆಂದು ಮರಣದ ವಿವರವನ್ನೂ ಬರೆದುಕೊಳ್ಳತೊಡಗಿದರು. ಹೆಸರು, ತಂದೆಯ ಹೆಸರು, ಕಾರಣ. ಕಾರಣದ ಜಾಗದಲ್ಲಿ ಅವರ ಲೇಖನಿ ನನ್ನ ಮುಖ ನೋಡಿತು.

ಹತ್ತೂ ಮೂವತ್ತೈದಕ್ಕೆ ಗುಂಪಿನ ಹಿಂಬದಿಗೆ ಒಂದು ಸೈಕಲ್ಲು ಬಂದು ನಿಂತಿತು. ಸದ್ದಿಲ್ಲದ್ದರಿಂದ ಯಾರೂ ತಿರುಗಲಿಲ್ಲ. ಮಾವ ಇಳಿದು, ಹೆಗಲ ಟವೆಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು, ಎದುರಿದ್ದ ನೆಂಟನ ಭುಜ ಮುಟ್ಟಿ ಮೆಲ್ಲಗೆ ಕೇಳಿದರು.

“ಯಾರು ಹೋಗಿದ್ದಪ್ಪಾ?”

ಅತ್ತೆ ತಲೆಯೆತ್ತಿದರು. ಅವರಿಗೆ ಆ ದನಿ ಐವತ್ತು ವರ್ಷದಿಂದ ಗೊತ್ತು. “ನೀನೇ,” ಎಂದರು.

ಆಮೇಲಿನ ಹತ್ತು ನಿಮಿಷವನ್ನು ಕ್ರಮವಾಗಿ ಬರೆಯಲಾಗುವುದಿಲ್ಲ. ಮೂವರು ಓಡಿಹೋದರು, ಒಬ್ಬರು ಹಾರವನ್ನು ಬೆನ್ನ ಹಿಂದೆ ಮರೆಸಿದರು. ಶಾಂತವೀರಪ್ಪ ಮಾತ್ರ ಕೂತಲ್ಲೇ ಕೂತು, ಬರೆದಾಗಿದೆಯಲ್ಲ, ಹೊಡೆದುಹಾಕಬೇಕಾದರೆ ಬದುಕಿರುವ ಬಗ್ಗೆ ಒಂದು ಅರ್ಜಿ ಬೇಕು ಎಂದರು. ಮಾವನಿಗೆ ಇದಾವುದೂ ಪೂರ್ತಿ ಕೇಳಿಸಿದ ಹಾಗಿರಲಿಲ್ಲ. ಅವರ ಕಣ್ಣು ಇನ್ನೂ ಎಲ್ಲೋ ಇತ್ತು.

“ಕಾಲು ಐತೆ ಅನ್ನಾದೇ ಮರ್ತೋತು ಕಿರಣಾ,” ಎಂದರು ನನಗೆ. “ಹುಲ್ಲೆಲ್ಲಾ ಎರಡೂ ಕಡೆ ನೀರು ಹರಿದಂಗೆ ಹರೀತು. ಗಾಳಿ ಮುಖಕ್ಕೆ ತಣ್ಣಗೆ ಬಡೀತು. ಕಾವಲಾಗೆ ನಿಂತು ತಿರುಗಿ ನೋಡ್ತೀನಿ, ಒಂದು ದನ ಇಲ್ಲ. ಬರ್ತಾವೆ ಬಿಡು ಅಂತ ಜಾಲಿ ಮರದ ಕೆಳಗೆ ಕುಂತೆ. ಹಂಗೇ ನಿದ್ದೆ ಬಂತು.”

ಯರ್ರಪ್ಪನವರು ಹಿರಿಯರನ್ನು ಅಲ್ಲೇ ಕೂರಿಸಿದರು. ಚರ್ಚೆ ಉದ್ದವಾಯಿತು. ಕಿಲಾರಿ ದೇವರೆತ್ತುಗಳ ಮುಂದೆ ಹೋದದ್ದು ತಪ್ಪು, ಅವನಿಗಾಗಿ ಊರು ಅತ್ತದ್ದು ಇನ್ನೊಂದು ತೊಡಕು. ಕೋಲನ್ನು ಈಗಲೇ ಕೆಳಗಿಡಲಿ ಎಂದು ಕೆಲವರು. ಮಾವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೊನೆಗೆ ಯರ್ರಪ್ಪನವರು, “ಇದು ನಾವು ಹೇಳಾದಲ್ಲ, ದನ ಹೇಳ್ಬೇಕು. ನಾಳೆ ಬೆಳಿಗ್ಗೆ ಅವು ಇವನ ಮುಂದೆ ಕಾವಲಿಗೆ ಹೋಗಿ ಮುಟ್ಟಿದ್ರೆ ಕೋಲು ಇವಂದು. ತಿರುಗಿ ಬಂದ್ರೆ ಅಲ್ಲೇ ಇಟ್ಟು ಬರ್ಲಿ,” ಎಂದರು.

ಆಗ ನಾನು ಹನ್ನೆರಡನೆಯ ಅಳತೆಗೆ ಇಳಿದೆ: ದನ ಎಷ್ಟು ವೇಗದಲ್ಲಿ ನಡೆಯುತ್ತದೆ? ಮಧ್ಯಾಹ್ನ ಅವುಗಳನ್ನು ನೀರಿನ ತೊಟ್ಟಿಗೆ ಬಿಟ್ಟಾಗ ಸ್ಟಾಪ್‌ವಾಚು ಹಿಡಿದು ಹಿಂದೆ ನಡೆದೆ. ಅವು ಸಿಟ್ಟಾಗಲಿಲ್ಲ, ಅವಸರಪಡಲಿಲ್ಲ. ಒಂದು ಕಲ್ಲನ್ನು ಮೂಸಿ, ಏನೋ ನೆನಪಾದಂತೆ ನಿಂತು, ಮತ್ತೆ ನಡೆದವು. ಅವುಗಳ ಹಿಂದೆ ನಡೆಯುತ್ತಿದ್ದರೆ ನನಗೂ ಎಲ್ಲಿಗೆ ಹೋಗಬೇಕೆಂಬುದು ಮುಖ್ಯವಲ್ಲ ಎನ್ನಿಸತೊಡಗಿತು. ಬಂದ ಅಂಕಿಯನ್ನು ಎರಡು ಸಲ ಲೆಕ್ಕ ಹಾಕಿ ನೋಡಿದೆ. ಇಷ್ಟು ದಿನ ತಿರುಪಿದ್ದನ್ನೆಲ್ಲ ಉಲ್ಟಾ ತಿರುಪಬೇಕಿತ್ತು, ಅದನ್ನೂ ಮೀರಿ ಇನ್ನಷ್ಟು.

ಹಟ್ಟಿಯ ಹಿಂದಿನ ಬಯಲಲ್ಲಿ ತಿರುಪುತ್ತ, ಅಳೆಯುತ್ತ ಸಂಜೆ ಮಾಡಿದೆ. ಏಳು ಕಿಲೋಮೀಟರಿಗೆ ಇಳಿಸಿದೆ, ಐದಕ್ಕೆ ಇಳಿಸಿದೆ. ನಾಲ್ಕರ ಹತ್ತಿರ ಬಂದಾಗ ಮೋಟಾರು ಚೆನ್ನಾಗಿಯೇ ತಿರುಗುತ್ತಿತ್ತು, ಮಾವ ಮಾತ್ರ ಬಿದ್ದರು. ಎರಡು ಸಲ ಎಡಕ್ಕೆ, ಒಂದು ಸಲ ತಿಪ್ಪೆಗೆ. ಅಷ್ಟು ನಿಧಾನಕ್ಕೆ ಸೈಕಲ್ಲು ನೆಟ್ಟಗೆ ನಿಲ್ಲುವುದಿಲ್ಲ, ಅದು ನಾನೂ ಮೋಟಾರೂ ಸೇರಿ ಮಾಡಿದ ತಪ್ಪಲ್ಲ, ಪ್ರಕೃತಿಯ ನಿಯಮ. ವೇಗ ಹೆಚ್ಚಿಸಿದರೆ ದನ ತಿರುಗುತ್ತವೆ, ಇಳಿಸಿದರೆ ಮಾವ ಉರುಳುತ್ತಾರೆ. ಈ ಎರಡರ ನಡುವೆ ಮೂರನೆಯ ದಾರಿ ಇಲ್ಲವೆಂದು ಕಾಗದದ ಮೇಲೆ ಸಾಧಿಸಿ ತೋರಿಸಿದೆ. ಮಾವ ಕಾಗದವನ್ನು ನೋಡಿ, ಪಂಚೆ ಕೊಡವಿಕೊಂಡು, “ನೀನು ಅವು ನಡೆಯೋ ಅಷ್ಟಕ್ಕೇ ಇಡು. ಮಿಕ್ಕಿದ್ದು ನೋಡಾನ,” ಎಂದರು.

ಮಾರ್ಚ್ ಮೂರು, ಸೋಮವಾರ, ಏಳು ಗಂಟೆ ಐದು ನಿಮಿಷ. ಹಟ್ಟಿಯೆಲ್ಲ ಬೇಲಿಯ ಬಳಿ ನಿಂತಿತ್ತು. ನೆಂಟರೂ ಊರಿಗೆ ಹೋಗಿರಲಿಲ್ಲ. ದನಗಳು ಹೊರಟವು. ಮಾವ ಎಸಳು ಒತ್ತಿದರು. ಸೈಕಲ್ಲು ಹತ್ತು ಮಾರು ಹೋಗುವುದರಲ್ಲಿ ಎಡಕ್ಕೆ ವಾಲಿತು, ಅತ್ತೆ ಕಣ್ಣು ಮುಚ್ಚಿದರು. ಮಾವ ಎಡಗೈ ಚಾಚಿ, ಕೊನೆಯಲ್ಲಿ ನಡೆಯುತ್ತಿದ್ದ ಮುದಿ ಹಸುವಿನ ಬೆನ್ನ ಮೇಲೆ ಇಟ್ಟರು.

ಹಸು ಕಿವಿಯನ್ನೊಮ್ಮೆ ಹಿಂದಕ್ಕೆ ಮಾಡಿತು, ಅಷ್ಟೇ. ಸೈಕಲ್ಲು ನೆಟ್ಟಗಾಯಿತು. ಈಗ ಹಸು ಮುಂದಾದರೂ ಮಾವ ಬೀಳುತ್ತಿದ್ದರು, ಸೈಕಲ್ಲು ಮುಂದಾದರೂ ಬೀಳುತ್ತಿದ್ದರು. ಎರಡೂ ಮುಂದಾಗಲಿಲ್ಲ.

ನಿನ್ನೆ ದನಗಳು ಹಿಂದಿರುಗಿದ ಗೊರಸಿನ ಗುರುತಿದ್ದ ಹುಣಸೆಮರದ ಹತ್ತಿರ ಮುಂದಿನ ಎತ್ತು ನಿಂತಿತು. ಹಿಂದೆಲ್ಲ ಅದಕ್ಕೆ ಕೇಳಿಸುತ್ತಿದ್ದ ಹೆಜ್ಜೆಯ ಸದ್ದು ಇರಲಿಲ್ಲ. ಅದು ಕತ್ತು ಹೊರಳಿಸಿ, ನಲವತ್ತೆರಡು ಬೆನ್ನುಗಳ ಆಚೆಗೆ ನೋಡಿತು. ನನ್ನ ಪಕ್ಕ ಬರಿಗಾಲಲ್ಲಿ ನಡೆಯುತ್ತಿದ್ದ ಯರ್ರಪ್ಪನವರೂ ನಿಂತರು. ಎಳೆಬಿಸಿಲು, ದನಗಳ ಕಾಲಡಿಯಿಂದೆದ್ದ ಕೆಂಪು ಧೂಳು; ಧೂಳಿನ ಕೊನೆಯಲ್ಲಿ ನೆಲಕ್ಕೆ ತಾಗದಂತೆ ತೇಲುತ್ತ ಒಬ್ಬ ಮುದುಕ, ಹಸುವಿನ ಬೆನ್ನ ಮೇಲೆ ಕೈಯಿಟ್ಟು ಕೂತವನು. ಎತ್ತು ಅದನ್ನು ಬೇಕಾದಷ್ಟು ಹೊತ್ತು ನೋಡಿತು. ಆಮೇಲೆ ತಲೆ ತಗ್ಗಿಸಿ, ಕಾವಲಿನ ಕಡೆ ಹೆಜ್ಜೆ ಹಾಕಿತು.

ಎಂಟೂ ಹದಿನಾಲ್ಕಕ್ಕೆ ಕಾವಲು ಮುಟ್ಟಿದೆವು. ದನಗಳು ಹುಲ್ಲಿಗೆ ಬಾಯಿ ಹಾಕಿದವು. ಮಾವ ಹಸುವಿನ ಬೆನ್ನಿಂದ ಕೈ ತೆಗೆದು, ಸೈಕಲ್ಲಿನ ಜೊತೆಗೇ ಮೆತ್ತಗೆ ಪಕ್ಕಕ್ಕೆ ಉರುಳಿ, ಹುಲ್ಲಿನ ಮೇಲೆ ಬಿದ್ದಲ್ಲೇ ಮಲಗಿ ನಗುತ್ತಿದ್ದರು. ಕೋಲು ಕೈಯಲ್ಲೇ ಇತ್ತು. ಯರ್ರಪ್ಪನವರು ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ತೆಗೆದುಕೊಳ್ಳಲಿಲ್ಲ.

ಹಟ್ಟಿಯವರಿಗೆ ಹೇಳಬೇಕು, ಈ ಸೈಕಲ್ಲು ಎಷ್ಟು ಜೋರಾಗಿ ಓಡುತ್ತದೆ ಎಂದು ಯರ್ರಪ್ಪನವರು ನನ್ನನ್ನು ಕೇಳಿದರು. ನಾನು ನೋಟ್‌ಬುಕ್ಕು ತೆರೆದು, ದಾರಿಯಲ್ಲಿ ಮೂರು ಕಡೆ ಅಳೆದು ಸರಾಸರಿ ತೆಗೆದದ್ದನ್ನು ಓದಿ ಹೇಳಿದೆ. ನೂರು ಮೀಟರಿಗೆ ಒಂದು ನಿಮಿಷ ಮೂವತ್ತೆಂಟು ಸೆಕೆಂಡು. ಗಂಟೆಗೆ ಮೂರು ಪಾಯಿಂಟ್ ಆರು ಏಳು ಕಿಲೋಮೀಟರು.